ಮತಪೆಟ್ಟಿಗೆ ಮನೆಗೆ ಬಂದಂತೆ ವೈದ್ಯಕೀಯ ಮಂಡಳಿಯೂ ಬರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಂಗವಿಕಲರು ಮತ್ತು ಅವರ ಕುಟುಂಬಗಳ ನಡುವೆ ಸಮಾಜಕಾರ್ಯ ಮಾಡುತ್ತಿರುವ ನಾನು, ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಮತ್ತು ಓದುಗರ ಗಮನಕ್ಕೆ ಒಂದು ಸಂಗತಿಯನ್ನು ತರಬಯಸುತ್ತೇನೆ. ಅಂಗವಿಕಲರ ಹಕ್ಕುಗಳ ವಿಷಯದಲ್ಲಿ ನಮ್ಮ ದೇಶದ ಕಾನೂನು ದುರ್ಬಲವಾದುದಲ್ಲ. ಆದರೆ ಆ ಕಾನೂನಿನ ಸವಲತ್ತುಗಳಿಗೆ ಮೊದಲು ಕೈಯಲ್ಲಿರಬೇಕಾದ ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ, ನಡೆಯಲಾರದವರು, ಕಾಣಲಾರದವರು, ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದವರು ತಾವೇ ಜಿಲ್ಲಾ ಕೇಂದ್ರದವರೆಗೆ ಮತ್ತೆ ಮತ್ತೆ ಹೋಗಬೇಕಾಗಿದೆ. ಅವರ ಜೊತೆಯಲ್ಲಿ ಓಡಾಡುವ ಹಳ್ಳಿಯ ಪುನರ್ವಸತಿ ಕಾರ್ಯಕರ್ತರನ್ನು ಸರ್ಕಾರ ಇಂದಿಗೂ ತನ್ನ ನೌಕರರೆಂದು ಒಪ್ಪಿಕೊಂಡಿಲ್ಲ. ಈ ಎರಡನ್ನೂ ನಾನು ಬೇರೆ ಬೇರೆಯಾಗಿ ನೋಡಲಾರೆ.

ಹತ್ತಿ ಬಿಡಿಸುವ ಹಂಗಾಮಿನಲ್ಲಿ ನಡೆದುದನ್ನು ಮೊದಲು ಹೇಳುತ್ತೇನೆ. ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸೆರೆಬ್ರಲ್ ಪಾಲ್ಸಿ ಇರುವ ಹದಿಮೂರು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಬೆಳಿಗ್ಗೆ ಆರರ ಬಸ್ಸಿಗೆ ಕರೆತಂದಿದ್ದರು. ಕರೆತಂದಿದ್ದರು ಎನ್ನುವುದಕ್ಕಿಂತ ಹೊತ್ತು ತಂದಿದ್ದರು ಎನ್ನಬೇಕು. ಅಷ್ಟು ದೊಡ್ಡ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಳ್ಳಲು ಆಗುವುದಿಲ್ಲವಾದ್ದರಿಂದ ಬೆನ್ನ ಮೇಲೆ ಹಾಕಿಕೊಂಡು, ಜಾರದಂತೆ ಹಳೆಯ ಸೀರೆಯಿಂದ ಬಿಗಿದು ಕಟ್ಟಿದ್ದರು. ಇಂಥ ಮಕ್ಕಳಿಗೆ ಗಾಬರಿಯಾದರೆ ಮೈ ಸೆಟೆದುಕೊಳ್ಳುತ್ತದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಅವನ ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿದು, ಬಾಗಿಲಲ್ಲಿ ಮಡಚಲಾಗದೆ ನಿಂತುಬಿಟ್ಟವು. ಕಂಡಕ್ಟರ್ ಮತ್ತು ಇಬ್ಬರು ಪ್ರಯಾಣಿಕರು ಹಿಡಿದು ಒಳಗೆ ಕೂರಿಸಿದರು. ತಾಯಿಯ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡು, ಆಧಾರ್ ಝೆರಾಕ್ಸ್, ನಾಲ್ಕು ಫೋಟೊ, ಹಿಂದಿನ ಸಲಗಳ ಓಪಿಡಿ ಚೀಟಿಗಳು ಮತ್ತು ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ ಇದ್ದವು.

ಹುಡುಗನಿಗೆ ಹಿಂದೆ ಪ್ರಮಾಣಪತ್ರ ಇರಲಿಲ್ಲವೆಂದಲ್ಲ. ಚಿಕ್ಕವನಿದ್ದಾಗ ಕೊಟ್ಟದ್ದರ ಅವಧಿ ಮುಗಿದಿತ್ತು. ಅದು ನವೀಕರಣವಾಗದೆ ಪಿಂಚಣಿಯೂ ನಿಂತು ಏಳು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಅಂದು ಮೂಳೆ ತಜ್ಞರಿದ್ದರು. ಬುದ್ಧಿಮಾಪನ ಪರೀಕ್ಷೆ ಮಾಡುವವರು ವಾರದಲ್ಲಿ ಬೇರೊಂದು ದಿನ ಬರುತ್ತಾರೆಂದೂ ಎರಡೂ ವರದಿ ಸೇರದೆ, ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿ ಅಂಗವಿಕಲತೆಯ ಶೇಕಡಾವಾರು ನಿಗದಿ ಮಾಡಲಾಗದೆಂದೂ ಹೇಳಿ ಕಳಿಸಿದರು. ಅದು ಅವರ ಮೂರನೆಯ ಬರುವಿಕೆ. ಅದಕ್ಕೂ ಹಿಂದಿನ ಸಲ ಸರ್ವರ್ ಇರಲಿಲ್ಲ. ಮೊದಲ ಸಲ ವೈದ್ಯರು ರಜೆಯಲ್ಲಿದ್ದರು. ಜಗಲಿಯ ಮೇಲೆ ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ತಾಯಿ ನನ್ನನ್ನು ಕೇಳಿದರು: ‘ಅಕ್ಕಾರ, ಇವನ ಕಾಲ ನೋಡಿದ್ರ ಗೊತ್ತಾಗೂದಿಲ್ಲೇನ್ರಿ? ಇನ್ನೆಷ್ಟ ಸಲ ಹೊತ್ತ ತರ್ಲಿ?’

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿದ್ದ ವೈದ್ಯರನ್ನಾಗಲಿ ಗುಮಾಸ್ತರನ್ನಾಗಲಿ ದೂರಲು ನನಗೆ ಮನಸ್ಸಿಲ್ಲ. ಹೊರರೋಗಿಗಳ ಸಾಲು, ಶಸ್ತ್ರಚಿಕಿತ್ಸೆ, ಮರಣೋತ್ತರ ಪರೀಕ್ಷೆ, ನ್ಯಾಯಾಲಯದ ಸಾಕ್ಷಿ ಇವೆಲ್ಲವುಗಳ ನಡುವೆ ಅವರು ಈ ಕೆಲಸವನ್ನೂ ಮಾಡಬೇಕು. ತಪ್ಪಿರುವುದು ವ್ಯವಸ್ಥೆಯನ್ನು ಕಟ್ಟಿದ ರೀತಿಯಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರುವುದರಿಂದ ಆ ತಾಯಿಗೆ ಬಸ್ಸಿನ ಟಿಕೆಟ್ ಇಲ್ಲ, ಅದು ನಿಜವಾಗಿಯೂ ದೊಡ್ಡ ಆಸರೆ. ಆದರೆ ಹುಡುಗನಿಗೆ ಟಿಕೆಟ್ ಉಂಟು. ವರ್ಷಕ್ಕೆ 660 ರೂಪಾಯಿಗೆ 100 ಕಿಲೊಮೀಟರ್ ವ್ಯಾಪ್ತಿಯಲ್ಲಿ ಓಡಾಡಲು ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ. ಆ ಪಾಸ್ ಬೇಕೆಂದರೂ ಮೊದಲು ಚಾಲ್ತಿಯಲ್ಲಿರುವ ಗುರುತಿನ ಚೀಟಿ ಬೇಕು. ಕಿಲೊ ಲೆಕ್ಕದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಹಂಗಾಮಿನ ಒಂದು ದಿನ ಹೋದರೆ ಅದನ್ನು ತುಂಬಿಕೊಡುವ ಯೋಜನೆ ಯಾವುದೂ ಇಲ್ಲ.

ಕಾನೂನಿನ ಹಾದಿಯನ್ನು ಸ್ವಲ್ಪ ನೋಡೋಣ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರ ಮಾರ್ಚ್ 30ರಂದು ಸಹಿ ಹಾಕಿ, ಅದೇ ವರ್ಷದ ಅಕ್ಟೋಬರ್ 1ರಂದು ಅನುಮೋದಿಸಿತು. ಆ ಮಾತಿಗೆ ತಕ್ಕಂತೆ ಹೊಸ ಕಾಯ್ದೆ ಬರಲು ಒಂಬತ್ತು ವರ್ಷ ಹಿಡಿಯಿತು. 2016ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಅಂಗವಿಕಲತೆಯ ಬಗೆಗಳು ಏಳು ಇದ್ದವು. ಹೊಸದರಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ಸ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಸೇರಿ 21 ಆದವು. ಇದು ಬಹುಕಾಲದ ಹೋರಾಟದಿಂದ ದಕ್ಕಿದ ನ್ಯಾಯ. ಆದರೆ ಏಳು ಇಪ್ಪತ್ತೊಂದಾದಾಗ, ಅವನ್ನು ಪರೀಕ್ಷಿಸಿ ಪ್ರಮಾಣೀಕರಿಸಬಲ್ಲ ತಜ್ಞರ ಸಂಖ್ಯೆ ಅದೇ ಪ್ರಮಾಣದಲ್ಲಿ ಜಿಲ್ಲೆಗಳಲ್ಲಿ ಹೆಚ್ಚಲಿಲ್ಲ. ಎಳೆಯ ಮಗುವಿನ ಕಿವುಡುತನ ಖಚಿತಪಡಿಸಲು ಶಬ್ದಕ್ಕೆ ಮೆದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ ಬೇಕು, ಅದರ ಯಂತ್ರ ಎಲ್ಲ ಕಡೆ ಇಲ್ಲ. ಆಟಿಸಂ ಗುರುತಿಸಲು, ಬುದ್ಧಿಮಾಪನ ಮಾಡಲು ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಅವರು ದೊಡ್ಡ ಊರುಗಳಲ್ಲೇ ಹೆಚ್ಚು. ಹೀಗಾಗಿ ಹೊಸದಾಗಿ ಹಕ್ಕು ಪಡೆದವರಲ್ಲಿ ಅನೇಕರಿಗೆ ಆ ಹಕ್ಕು ಇನ್ನೊಂದು ಊರಿನ ಇನ್ನೊಂದು ಆಸ್ಪತ್ರೆಗೆ ಬರೆದುಕೊಟ್ಟ ಚೀಟಿಯ ರೂಪದಲ್ಲಷ್ಟೇ ಸಿಕ್ಕಿದೆ.

2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ ಕೊಡಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಒಂದೇ ಕಾರ್ಡು ದೇಶದಾದ್ಯಂತ ನಡೆಯಬೇಕೆಂಬ ಆಶಯ ಒಳ್ಳೆಯದೇ, ನಾನೂ ಅದನ್ನು ಮೆಚ್ಚುತ್ತೇನೆ. ಆದರೆ 2017ರ ನಿಯಮಗಳು ಪ್ರಮಾಣಪತ್ರ ಕೊಡಲು ಒಂದು ತಿಂಗಳ ಗಡುವು ಹಾಕಿದ್ದರೆ, 2024ರ ಅಕ್ಟೋಬರ್‌ನ ತಿದ್ದುಪಡಿ ಆ ಗಡುವನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಅದಕ್ಕಿಂತ ನೋವಿನ ಮಾತೆಂದರೆ, ವೈದ್ಯಕೀಯ ಪ್ರಾಧಿಕಾರ ಎರಡು ವರ್ಷ ದಾಟಿದರೂ ತೀರ್ಮಾನ ಮಾಡದಿದ್ದಲ್ಲಿ ಅರ್ಜಿಯೇ ನಿಷ್ಕ್ರಿಯವಾಗುತ್ತದೆ, ಅರ್ಜಿದಾರರು ಮತ್ತೆ ಅರ್ಜಿ ಹಾಕಬೇಕು ಅಥವಾ ಹಳೆಯದನ್ನು ಚಾಲನೆಗೊಳಿಸಲು ಕೋರಬೇಕು ಎಂಬ ಏರ್ಪಾಡು. ತಡ ಮಾಡಿದವರು ಒಬ್ಬರು, ಅದರ ಭಾರ ಹೊರುವವರು ಇನ್ನೊಬ್ಬರು. ಬಿಳಿ, ಹಳದಿ, ನೀಲಿ ಎಂದು ಕಾರ್ಡಿಗೆ ಮೂರು ಬಣ್ಣ ಕೊಟ್ಟದ್ದೂ ಇದೇ ತಿದ್ದುಪಡಿಯಲ್ಲಿ. ಬಣ್ಣ ಯಾವುದಾದರೂ ಆಗಲಿ, ಕಾರ್ಡು ಕೈಸೇರುವ ದಿನವೇ ನಮ್ಮ ಜನರಿಗೆ ಮುಖ್ಯ.

ಈಗ ನಾನು ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ. 2023ರ ಮೇ ತಿಂಗಳಿನಲ್ಲಿ ನಡೆದ ನಮ್ಮ ವಿಧಾನಸಭಾ ಚುನಾವಣೆಯಲ್ಲಿ, ಎಂಬತ್ತು ದಾಟಿದ ಹಿರಿಯರಿಗೂ ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ರಾಜ್ಯದಲ್ಲಿ ಮೊದಲ ಬಾರಿಗೆ ದೊರೆಯಿತು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ಬಂದು, ಮನೆಯಿಂದ ಮತ ಹಾಕಲು ಕೋರುವ 12ಡಿ ನಮೂನೆ ಕೊಟ್ಟರು. ಅದನ್ನು ತುಂಬಿಕೊಟ್ಟವರ ಪಟ್ಟಿ ತಯಾರಾಗಿ, ಮುಂಚೆಯೇ ತಿಳಿಸಿದ ದಿನ ಮತಗಟ್ಟೆ ಅಧಿಕಾರಿಗಳು, ಪೊಲೀಸರು, ವಿಡಿಯೊ ಚಿತ್ರೀಕರಣ ಮಾಡುವವರು ಜೀಪಿನಲ್ಲಿ ಹಳ್ಳಿಗೆ ಬಂದರು. ಮಂಚದ ಪಕ್ಕದಲ್ಲಿ ರಟ್ಟಿನ ಮರೆಯನ್ನು ನಿಲ್ಲಿಸಿ, ಗುಟ್ಟು ಬಯಲಾಗದಂತೆ ಮತ ಹಾಕಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆನ್ನುಹುರಿ ಮುರಿದು ಒಂಬತ್ತು ವರ್ಷದಿಂದ ಮಲಗಿದ್ದ ಒಬ್ಬರು ಶಾಯಿ ಹಚ್ಚಿದ ಬೆರಳನ್ನು ದಿನವಿಡೀ ಮನೆಗೆ ಬಂದವರಿಗೆಲ್ಲ ತೋರಿಸಿದರು. ಒಬ್ಬ ಮತದಾರರಿಗಾಗಿ ಇಡೀ ತಂಡ ಬರುವುದು ಸಾಧ್ಯವೆಂದು ಸರ್ಕಾರ ತಾನೇ ತೋರಿಸಿಕೊಟ್ಟಿದೆ. ಆ ಸೌಲಭ್ಯಕ್ಕೂ ಶೇ 40ರ ಪ್ರಮಾಣಪತ್ರ ಬೇಕಿತ್ತು ಎಂಬುದನ್ನು ಇಲ್ಲಿ ನೆನಪಿಸಬೇಕು. ಅದು ಇಲ್ಲದವರ ಮಂಚದ ಬಳಿಗೆ ಯಾರೂ ಬರಲಿಲ್ಲ.

ಐದು ವರ್ಷಕ್ಕೊಮ್ಮೆ ಬರುವ ಮತದಾನಕ್ಕೆ ಸಾಧ್ಯವಾದದ್ದು, ಬದುಕಿನಲ್ಲಿ ಒಮ್ಮೆಯೋ ಎರಡು ಮೂರು ಬಾರಿಯೋ ಬೇಕಾಗುವ ಪ್ರಮಾಣಪತ್ರಕ್ಕೆ ಏಕೆ ಸಾಧ್ಯವಾಗಬಾರದು? ವೈದ್ಯರು ಹಳ್ಳಿಗೆ ಬರುವುದು ಕರ್ನಾಟಕಕ್ಕೆ ಹೊಸತೂ ಅಲ್ಲ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಒಯ್ದಿತ್ತು. ಅಲ್ಲಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ರೋಗಿಗಳು ಬೆಂಗಳೂರಿಗೆ ಬರಬೇಕಾದ ಅನಿವಾರ್ಯವನ್ನು ಕಡಿಮೆ ಮಾಡಿತ್ತು. ಬಳ್ಳಾರಿ ಮಾದರಿ ಎಂದೇ ಹೆಸರಾದ ಆ ಪ್ರಯೋಗವೇ ಮುಂದೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಆರಂಭಗೊಂಡು ಕ್ರಮೇಣ ದೇಶಕ್ಕೆಲ್ಲ ಹಬ್ಬಿತು. ನಮ್ಮದೇ ನೆಲದಲ್ಲಿ ಹುಟ್ಟಿದ ದಾರಿ ಅದು.

ತಾಲ್ಲೂಕು ಮಟ್ಟದಲ್ಲಿ ಶಿಬಿರಗಳು ಆಗುತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಗುತ್ತಿವೆ, ಅವುಗಳಿಂದ ಪ್ರಯೋಜನವನ್ನು ಪಡೆದವರೂ ಇದ್ದಾರೆ. ಆದರೆ ಶಿಬಿರ ಯಾವಾಗ ಎಂಬುದು ಕೊನೆಯ ಎರಡು ದಿನ ಇರುವಾಗ ವಾಟ್ಸ್‌ಆ್ಯಪ್‌ನಲ್ಲಿ ತಿಳಿಯುತ್ತದೆ. ಬಂದವರೆಲ್ಲರನ್ನೂ ಒಂದೇ ಶಾಮಿಯಾನದ ಕೆಳಗೆ ಕೂರಿಸಲಾಗುತ್ತದೆ. ಕಣ್ಣಿನ ವೈದ್ಯರು ಬಂದಿದ್ದರೆ ಕಿವಿಯವರು ಬಂದಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಹಳ ಮಂದಿ ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂಬ ಚೀಟಿಯೊಂದಿಗೆ ಹಿಂದಿರುಗುತ್ತಾರೆ. ನನ್ನ ಬೇಡಿಕೆ ಇನ್ನೂ ಒಂದು ಶಿಬಿರವಲ್ಲ. ಪ್ರತಿ ಹೋಬಳಿಗೆ ವರ್ಷದಲ್ಲಿ ಇಂತಿಷ್ಟು ದಿನ ಎಂದು ಮೊದಲೇ ಗೊತ್ತುಪಡಿಸಿದ ಪಂಚಾಂಗ ಬೇಕು. ಅಂದು ಮಂಡಳಿಯ ಎಲ್ಲ ತಜ್ಞರೂ ಬರಬೇಕು. ಹಾಸಿಗೆ ಹಿಡಿದವರ ಮನೆಗೆ ಅದೇ ಸಂಜೆ ಹೋಗಿ ನೋಡಬೇಕು. ಒಂದು ಕೈ ಅಥವಾ ಕಾಲು ಕತ್ತರಿಸಿದವರು, ಕೈಕಾಲು ಪೂರ್ತಿ ಸ್ವಾಧೀನ ತಪ್ಪಿದವರು, ಕುಬ್ಜರು, ಪೂರ್ಣ ಅಂಧರು ಇಂಥವರಿಗೆ ನಿಯಮಗಳಲ್ಲಿ ಪ್ರತ್ಯೇಕ ಪ್ರಮಾಣಪತ್ರದ ನಮೂನೆಯೇ ಇರುವಾಗ, ಅವರನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ನೋಡಿ ಮುಗಿಸಬಹುದು. ಕಣ್ಣಿಗೆ ಕಾಣುವುದನ್ನು ಪ್ರಮಾಣೀಕರಿಸಲು ಜಿಲ್ಲಾ ಕೇಂದ್ರದ ಸಾಲಿನಲ್ಲಿ ನಿಲ್ಲಿಸುವುದನ್ನು ಕೈಬಿಟ್ಟರೆ, ಆ ಸಾಲಿನಲ್ಲಿ ನಿಜವಾಗಿ ನಿಲ್ಲಬೇಕಾದವರಿಗೆ ಜಾಗವೂ ಸಿಗುತ್ತದೆ.

ಇಂಥ ಒಂದು ವ್ಯವಸ್ಥೆ ನಡೆಯಬೇಕೆಂದರೆ ಯಾವ ಓಣಿಯಲ್ಲಿ ಯಾರಿದ್ದಾರೆ, ಯಾರ ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ, ಯಾರನ್ನು ಎತ್ತಿಕೊಂಡು ಬರಬೇಕು ಎಂದು ಗೊತ್ತಿರುವವರು ಬೇಕು. ಅವರು ನಮ್ಮಲ್ಲಿ ಈಗಾಗಲೇ ಇದ್ದಾರೆ. ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿದ್ದು, ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ಯೋಜನೆ ಹಲವು ವರ್ಷಗಳಿಂದ ನಡೆದಿದೆ. ಜನ ಅವರನ್ನು ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಅವರ ಮೇಲೆ ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಇವರು ಬಹುಪಾಲು ಸ್ವತಃ ಅಂಗವಿಕಲರು, ಅದೇ ಊರಿನವರು. ಬಡ ದೇಶಗಳಲ್ಲಿ ಪುನರ್ವಸತಿ ದೊಡ್ಡ ಆಸ್ಪತ್ರೆಗಳಲ್ಲಿ ಅಲ್ಲ, ಮನೆ ಮತ್ತು ನೆರೆಹೊರೆಯಲ್ಲಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಂಬತ್ತರ ದಶಕದಿಂದ ಹೇಳುತ್ತ ಬಂದ ಸಮುದಾಯ ಆಧಾರಿತ ಪುನರ್ವಸತಿಯ ತತ್ವಕ್ಕೆ, ಒಂದು ರಾಜ್ಯ ಸರ್ಕಾರ ತನ್ನ ಪಂಚಾಯಿತಿಗಳ ಉದ್ದಗಲಕ್ಕೂ ರೂಪ ಕೊಟ್ಟ ಅಪರೂಪದ ಉದಾಹರಣೆ ಇದು. ನಾವು ಸ್ವಯಂಸೇವಾ ಸಂಸ್ಥೆಗಳವರು ಅನುದಾನ ಇರುವಷ್ಟು ಕಾಲ ಒಂದು ಊರಿನಲ್ಲಿ ಇದ್ದು, ಅದು ಮುಗಿದ ಮೇಲೆ ಹೊರಟುಹೋಗಿದ್ದೇವೆ. ನಾನೇ ಮೂರು ಯೋಜನೆಗಳು ಮುಚ್ಚಿದ್ದನ್ನು ಕಂಡಿದ್ದೇನೆ. ನಾವು ಬಿಟ್ಟುಹೋದ ಮನೆಗಳಿಗೆ ಮರುದಿನವೂ ಹೋದವರು ವಿಆರ್‌ಡಬ್ಲ್ಯೂಗಳು.

ಅವರ ಕೆಲಸ ಎಂಥದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮೇಲೆ ಹೇಳಿದ ಹುಡುಗನಿಗೆ ಹಿಂದೆ ಒಂದು ಶಿಬಿರದಲ್ಲಿ ಗಾಲಿಕುರ್ಚಿ ಕೊಟ್ಟಿದ್ದರು. ಅದು ದೊಡ್ಡವರ ಅಳತೆಯದು. ಕೂರಿಸಿದರೆ ಹುಡುಗ ಒಂದು ಪಕ್ಕಕ್ಕೆ ವಾಲಿ ಕುತ್ತಿಗೆ ಜೋತು ಬೀಳುತ್ತಿತ್ತು. ಪಾದ ಕೆಳಗಿನ ಪಟ್ಟಿಗೆ ಮುಟ್ಟುತ್ತಲೇ ಇರಲಿಲ್ಲ. ಹೀಗಾಗಿ ಕುರ್ಚಿ ಅಂಗಳದ ಮೂಲೆ ಸೇರಿ, ಅದರ ಮೇಲೆ ಕಟ್ಟಿಗೆ ಬಿದ್ದಿತ್ತು. ಆ ಊರಿನ ವಿಆರ್‌ಡಬ್ಲ್ಯೂ ಬಲಗಾಲಿಗೆ ಪೋಲಿಯೊ ಆದವರು, ಎಸ್‌ಎಸ್‌ಎಲ್‌ಸಿ ಓದಿದವರು. ಅವರು ಒಂದು ಭಾನುವಾರ ಬಂದು ಕಟ್ಟಿಗೆ ಇಳಿಸಿ, ಕುರ್ಚಿ ತೊಳೆದು, ಹಳೆಯ ಕೌದಿಯನ್ನು ಬಿಗಿಯಾಗಿ ಮಡಚಿ ಬೆನ್ನಿಗೂ ಎರಡು ಪಕ್ಕೆಗಳಿಗೂ ಒತ್ತಿಟ್ಟು ಹೊಲಿದರು. ಬಡಿಗರ ಮನೆಯಿಂದ ತಂದ ಹಲಗೆಯ ತುಂಡನ್ನು ಪಾದದ ಪಟ್ಟಿಯ ಮೇಲೆ ಕಟ್ಟಿ ಎತ್ತರ ಮಾಡಿದರು. ಎರಡು ಮೊಣಕಾಲುಗಳ ನಡುವೆ ಬಟ್ಟೆಯ ಸುರುಳಿ ಇಟ್ಟು ಕಾಲು ಕತ್ತರಿಯಾಗದಂತೆ ನೋಡಿಕೊಂಡರು. ಕುತ್ತಿಗೆ ನೆಟ್ಟಗೆ ನಿಂತಿತು. ಮಲಗಿಸಿ ಗಂಜಿ ಹಾಕಿದಾಗ ದಿನಾ ಉಸಿರುಗಟ್ಟಿ ಕೆಮ್ಮುತ್ತಿದ್ದ ಹುಡುಗ, ಅಂದು ಕೂತು, ಮಜ್ಜಿಗೆಯಲ್ಲಿ ಕಿವುಚಿದ ರೊಟ್ಟಿಯನ್ನು ಕೆಮ್ಮದೆ ನುಂಗಿದ. ಅವನ ಅಜ್ಜಿ ಬಟ್ಟಲನ್ನು ಮತ್ತೆ ತುಂಬಿಸಿ ತಂದರು. ಪುನರ್ವಸತಿ ಎಂಬ ಪದದ ಅರ್ಥವನ್ನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ) ತರಗತಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ನಾನು ಆ ಅಂಗಳದಲ್ಲಿ ಕಲಿತೆ.

ಇದೇ ಕಾರ್ಯಕರ್ತರು ಯುಡಿಐಡಿ ಅರ್ಜಿ ತುಂಬಿಸುತ್ತಾರೆ, ಪಿಂಚಣಿ ನಿಂತರೆ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯಾಗಿದೆಯೇ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಸೇರಬೇಕೆಂಬ ಜೋಡಣೆ) ಆಗಿದೆಯೇ ಎಂದು ನೋಡುತ್ತಾರೆ, ಕುಷ್ಠರೋಗ ವಾಸಿಯಾದವರ ಸವೆದ ಬೆರಳನ್ನು ಬೆರಳಚ್ಚು ಯಂತ್ರ ಒಪ್ಪದಿದ್ದಾಗ ಬೇರೆ ದಾರಿ ಹುಡುಕುತ್ತಾರೆ. ಯಂತ್ರ ಗುರುತಿಸದ ಕಾರಣಕ್ಕೆ ಒಬ್ಬರನ್ನು ಹೊರಗಿಡುವುದು ಸಣ್ಣ ವಿಷಯವಲ್ಲ. ಮುಖ ಮತ್ತು ಕಣ್ಣಿಗೆ ಗಾಯವಾದ ಆಸಿಡ್ ದಾಳಿ ಸಂತ್ರಸ್ತರ ಹಾಗೂ ದೃಷ್ಟಿಹೀನರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದೇ ಹೇಳಿತು. ಹಳ್ಳಿಯಲ್ಲಿ ಆ ತೀರ್ಪನ್ನು ಜಾರಿ ಮಾಡುತ್ತಿರುವವರು, ತೀರ್ಪಿನ ಸುದ್ದಿ ತಿಳಿದಿರಲಿ ಇಲ್ಲದಿರಲಿ, ಈ ಕಾರ್ಯಕರ್ತರೇ. ಚುನಾವಣೆ ಬಂದರೆ ಅಂಗವಿಕಲ ಮತದಾರರನ್ನು ಕರೆತರುವ ಹೊಣೆಯೂ ಅವರದೇ ಆಗುತ್ತದೆ.

ಇಷ್ಟಕ್ಕೆ ಅವರು ಪಡೆಯುವುದು ಗೌರವಧನ. ಅದು ವೇತನವಲ್ಲ. ಭವಿಷ್ಯನಿಧಿ ಇಲ್ಲ, ರಜೆಗೆ ನಿಯಮವಿಲ್ಲ, ಪ್ರಯಾಣ ಭತ್ಯೆ ಇಲ್ಲ. ನಾನು ಬಲ್ಲ ಕೆಲವರಿಗೆ ಆ ಗೌರವಧನವೂ ಮೂರು ನಾಲ್ಕು ತಿಂಗಳು ತಡವಾಗಿ ಒಟ್ಟಿಗೆ ಬಂದದ್ದುಂಟು. ಆ ತಿಂಗಳುಗಳಲ್ಲಿ ತಮ್ಮ ತ್ರಿಚಕ್ರ ಸ್ಕೂಟರಿಗೆ ಪೆಟ್ರೋಲು ಸಾಲ ಮಾಡಿ ಹಾಕಿಸಿಕೊಂಡು ಅವರು ಮನೆಮನೆಗೆ ಹೋಗಿದ್ದಾರೆ. ಗೌರವಧನ ಎಂದು ಹೆಸರಿಟ್ಟ ಮಾತ್ರಕ್ಕೆ ದುಡಿಮೆ ದುಡಿಮೆಯಲ್ಲದೆ ಹೋಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರೆಂದು 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಾಗ, ಅವರಿಗೆ ಕೊಡುವ ಗೌರವಧನವೂ ಕಾನೂನಿನ ಕಣ್ಣಿನಲ್ಲಿ ವೇತನವೇ ಎಂಬ ಮಾತನ್ನು ಸ್ಪಷ್ಟವಾಗಿ ಹೇಳಿತು. ವಿಆರ್‌ಡಬ್ಲ್ಯೂಗಳ ವಿಷಯದಲ್ಲೂ ಅವರು ನ್ಯಾಯಾಲಯದ ಮೆಟ್ಟಿಲೇರುವವರೆಗೆ ಸರ್ಕಾರ ಕಾಯಬಾರದು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ 4ರಷ್ಟು ಮೀಸಲಿಡಬೇಕೆಂದು ಕಾಯ್ದೆ ಹೇಳುತ್ತದೆ. ಸಾವಿರಾರು ಅಂಗವಿಕಲರು ಸರ್ಕಾರದ ಕೆಲಸವನ್ನೇ ಮಾಡುತ್ತಿರುವ ಕಡೆಯಲ್ಲಿ ಅದನ್ನು ಹುದ್ದೆ ಎಂದೇ ಕರೆಯದಿರುವುದು ಆ ಕಾಯ್ದೆಯ ಆಶಯಕ್ಕೆ ಒಪ್ಪುವುದಿಲ್ಲ.

ಪಿಂಚಣಿಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಸರ್ಕಾರ ಸಾಮಾಜಿಕ ಭದ್ರತೆ ಒದಗಿಸಬೇಕೆಂದು ಹೇಳುವ 2016ರ ಕಾಯ್ದೆಯ 24ನೇ ಸೆಕ್ಷನ್, ಇಂಥ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ಮೊತ್ತ ಇತರರಿಗೆ ಅದೇ ಬಗೆಯ ಯೋಜನೆಗಳಲ್ಲಿ ಸಿಗುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂದೂ ಹೇಳುತ್ತದೆ. 2021ರ ಜುಲೈಯಲ್ಲಿ ನಮ್ಮ ರಾಜ್ಯ ಸರ್ಕಾರ ವಿಧವಾ ವೇತನವನ್ನು 600ರಿಂದ 800 ರೂಪಾಯಿಗೂ ಹಿರಿಯರ ಸಂಧ್ಯಾ ಸುರಕ್ಷಾ ಪಿಂಚಣಿಯ ಮೊತ್ತವನ್ನು 1,000ದಿಂದ 1,200 ರೂಪಾಯಿಗೂ ಏರಿಸುವಾಗ, ಶೇ 40ರಿಂದ 75ರವರೆಗಿನ ಅಂಗವಿಕಲತೆ ಇರುವವರ ಪಿಂಚಣಿಯನ್ನು 600ರಿಂದ 800 ರೂಪಾಯಿಗೆ ಏರಿಸಿತು. 800ರ ಮೇಲೆ ಶೇ 25 ಎಂದರೆ 1,000 ಆಗಬೇಕು, 1,200ರ ಮೇಲೆ ಲೆಕ್ಕ ಹಾಕಿದರೆ 1,500 ಆಗಬೇಕು. ಏರಿಕೆ ಮಾಡಿದ ದಿನವೇ ಕಾಯ್ದೆಯ ಈ ಮಾತು ಕಡತದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ನಾನು ಕಳಕಳಿಯಿಂದ ಕೇಳುತ್ತೇನೆ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯ ಪಾಲಂತೂ 300 ರೂಪಾಯಿಯಲ್ಲೇ ಬಹುಕಾಲದಿಂದ ನಿಂತಿದೆ, ಅದೂ ಶೇ 80ಕ್ಕಿಂತ ಕಡಿಮೆ ಇರುವವರಿಗೆ ಇಲ್ಲ.

ರ್‍ಯಾಂಪ್, ಕಟ್ಟಡ, ಬಸ್ಸುಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳು ಬಂದಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಸುಗಮ್ಯತೆಯ ನಿಯಮಗಳು ಬರೀ ಸಲಹೆಯ ರೂಪದಲ್ಲಿರುವುದು ಕಾಯ್ದೆಗೆ ವಿರುದ್ಧವೆಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಕಾಲಾವಕಾಶ ಕೊಟ್ಟದ್ದನ್ನಷ್ಟೇ ನೆನಪಿಸುತ್ತೇನೆ.

ನಮ್ಮ ಭಾಗದಲ್ಲಿ ಅಂಗವಿಕಲರಿಗೆ ಆಸರೆಯಾದ ದೊಡ್ಡ ಪರಂಪರೆಯಿದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು, ತಾವೇ ದೃಷ್ಟಿಹೀನರಾಗಿದ್ದು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಮತ್ತು ಸಂಗೀತ ಎರಡನ್ನೂ ಕೊಟ್ಟರು. ಬೆಂಗಳೂರಿನಲ್ಲಿ 1959ರಲ್ಲಿ, ಪೋಲಿಯೊದಿಂದ ನಡೆಯಲಾಗದ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಈ ಎಲ್ಲರನ್ನೂ ನಾನು ತಲೆಬಾಗಿ ನೆನೆಯುತ್ತೇನೆ. ಆದರೆ ಆಶ್ರಮದ ಬಾಗಿಲವರೆಗೆ ತಲುಪಿದ ಮಗುವಿಗೆ ದೊರೆತದ್ದು, ತಲುಪಲಾಗದ ಮಗುವಿಗೂ ದೊರೆಯಬೇಕು ಎಂಬುದಕ್ಕಾಗಿಯೇ ಕಾನೂನು ಬಂದಿದೆ. ಹತ್ತಿರದಲ್ಲಿ ಒಂದು ಮಠವೋ ಸಂಸ್ಥೆಯೋ ಒಬ್ಬ ಕರುಣಾಳುವೋ ಇದ್ದರೆ ಮಾತ್ರ ಸಿಗುವುದನ್ನು ನಾವು ಹಕ್ಕು ಎನ್ನಲಾಗದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು. ಆ ಎಣಿಕೆ ನಡೆದಾಗ ಇಪ್ಪತ್ತೊಂದು ಬಗೆಗಳ ಕಾಯ್ದೆ ಇನ್ನೂ ಹುಟ್ಟಿರಲಿಲ್ಲ. ಎಂದರೆ ಯಾರಿಗಾಗಿ ಹಣ ಮೀಸಲಿಡಬೇಕೋ ಅವರ ಲೆಕ್ಕವೇ ಪೂರ್ತಿಯಾಗಿಲ್ಲ. ಗ್ರಾಮ ಪಂಚಾಯಿತಿಗಳು ಅಂಗವಿಕಲರ ಕಲ್ಯಾಣಕ್ಕೆ ಶೇ 5ರಷ್ಟು ಹಣ ತೆಗೆದಿಡಬೇಕು, ಅವರಿಗಾಗಿಯೇ ವಿಶೇಷ ಗ್ರಾಮಸಭೆ ನಡೆಸಬೇಕು. ನಾನು ಕೂತ ಅನೇಕ ಗ್ರಾಮಸಭೆಗಳಲ್ಲಿ, ಊರಿನ ಅಂಗವಿಕಲರ ನಿಖರ ಪಟ್ಟಿ ಇದ್ದದ್ದು ವಿಆರ್‌ಡಬ್ಲ್ಯೂ ಕೈಯಲ್ಲಿನ ನೋಟ್‌ಪುಸ್ತಕದಲ್ಲಿ ಮಾತ್ರ. ಮನೆಯ ಯಜಮಾನರ ಹೆಸರು, ಓಣಿ, ಯಾವ ಬಗೆಯ ತೊಂದರೆ, ಕಾರ್ಡು ಇದೆಯೇ ಇಲ್ಲವೇ, ಎಷ್ಟು ಸಲ ಆಸ್ಪತ್ರೆಗೆ ಹೋಗಿ ಬಂದರು ಎಲ್ಲವೂ ನೀಲಿ ಪೆನ್ನಿನ ದುಂಡು ಅಕ್ಷರದಲ್ಲಿ ಅದರಲ್ಲಿದ್ದವು. ವೈದ್ಯಕೀಯ ಮಂಡಳಿ ಹೋಬಳಿಗೆ ಬರಲು ತಯಾರಾದರೆ ಅದಕ್ಕೆ ಬೇಕಾದ ಪಟ್ಟಿ ಆ ಪುಸ್ತಕದಲ್ಲೇ ಸಿದ್ಧವಾಗಿದೆ.

ಕೊನೆಯದಾಗಿ ತಮ್ಮಲ್ಲಿಯೇ ಒಂದು ವಿನಂತಿ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎಪಿಎಂಸಿ ಧಾರಣೆ, ಜಲಾಶಯದ ನೀರಿನ ಮಟ್ಟ, ವಿದ್ಯುತ್ ವ್ಯತ್ಯಯದ ಪ್ರಕಟಣೆಗಳು ತಪ್ಪದೆ ಬರುತ್ತವೆ, ಹಳ್ಳಿಯವರು ಅವನ್ನು ನೋಡಿಕೊಂಡೇ ಮರುದಿನದ ಕೆಲಸ ಗೊತ್ತುಮಾಡುತ್ತಾರೆ. ಹಾಗೆಯೇ ಪ್ರತಿ ಸೋಮವಾರ ಆ ವಾರ ನಮ್ಮ ಜಿಲ್ಲೆಗಳ ಯಾವ ಆಸ್ಪತ್ರೆಯಲ್ಲಿ ಯಾವ ದಿನ ಅಂಗವಿಕಲತೆ ಪ್ರಮಾಣೀಕರಣ ಇದೆ, ಅಂದು ಯಾವ ಯಾವ ತಜ್ಞರು ಹಾಜರಿರುತ್ತಾರೆ ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಪಡೆದು ನಾಲ್ಕು ಸಾಲಿನಲ್ಲಿ ಪ್ರಕಟಿಸಲು ಸಾಧ್ಯವೇ? ಪಂಚಾಯಿತಿ ಕಚೇರಿಗೆ ಪತ್ರಿಕೆ ಬರುತ್ತದೆ, ವಿಆರ್‌ಡಬ್ಲ್ಯೂ ಅದನ್ನು ಓದಿ ಮನೆಮನೆಗೆ ತಿಳಿಸುತ್ತಾರೆ. ಮಂಡಳಿ ಹಳ್ಳಿಗೆ ಬರುವ ದಿನದವರೆಗೆ ಆ ತಾಯಿ ಮಗನನ್ನು ಬೆನ್ನಿಗೆ ಕಟ್ಟಿಕೊಳ್ಳುವ ಮುನ್ನ, ಬುದ್ಧಿಮಾಪನ ಮಾಡುವವರು ಅಂದು ಇರುತ್ತಾರೋ ಇಲ್ಲವೋ ಎಂಬುದಾದರೂ ಅವರಿಗೆ ತಿಳಿದಿರುತ್ತದೆ.

ವಿಶ್ವಾಸದಿಂದ,

ಒಬ್ಬ ಸಮಾಜ ಕಾರ್ಯಕರ್ತೆ
ಉತ್ತರ ಕರ್ನಾಟಕ